ಆರ್ಕಿಡೋಪೆಕ್ಸಿ
ವೃಷಣಚೀಲಕ್ಕೆ ಇಳಿಯದೆ ತೊಡೆಸಂದಿನಲ್ಲೋ ಹೊಟ್ಟೆಯೊಳಗೋ ಉಳಿದ ವೃಷಣವನ್ನು ಚೀಲಕ್ಕೆ ತಂದು ನೆಲೆಗೊಳಿಸುವ ಶಸ್ತ್ರಚಿಕಿತ್ಸೆ. ಎಡಿನ್‌ಬರೋದ ಥಾಮಸ್ ಆನಂಡೇಲ್ 1877ರಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿದ.

ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ಸುಮಾರು ನೂರಕ್ಕೆ ಮೂವರಲ್ಲಿ ಈ ತೊಂದರೆ ಕಾಣುತ್ತದೆ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಬಹಳ ಹೆಚ್ಚು. ಅನೇಕರಲ್ಲಿ ಮೊದಲ ಆರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಆ ಮೇಲೆ ಇಳಿಯುವುದು ಅಪರೂಪ. ಆದ್ದರಿಂದ 6ರಿಂದ 18 ತಿಂಗಳ ನಡುವೆ ಶಸ್ತ್ರಚಿಕಿತ್ಸೆ ಮಾಡುವುದು ಇಂದಿನ ರೂಢಿ. ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂಬ ಹಿರಿಯರ ಸಮಾಧಾನ ಇಲ್ಲಿ ದುಬಾರಿ: ದೇಹದ ಒಳಬಿಸಿಗೆ ವೀರ್ಯಾಣು ಹುಟ್ಟಿಸುವ ಕೋಶಗಳು ಕ್ರಮೇಣ ನಶಿಸುತ್ತವೆ, ಮುಂದೆ ಕ್ಯಾನ್ಸರಿನ ಸಂಭವವೂ ಹೆಚ್ಚು. ಶಸ್ತ್ರಚಿಕಿತ್ಸೆ ಈ ಸಂಭವವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ.

ಪೂರ್ತಿ ಅರಿವಳಿಕೆ ಕೊಟ್ಟು ತೊಡೆಸಂದಿನಲ್ಲಿ ಸಣ್ಣದಾಗಿ ಕೊಯ್ದು, ರಕ್ತನಾಳ ಮತ್ತು ವೀರ್ಯನಾಳಗಳನ್ನು ಸುತ್ತಲಿನ ಅಂಗಾಂಶದಿಂದ ನಾಜೂಕಾಗಿ ಬಿಡಿಸುತ್ತಾರೆ. ಜೊತೆಗಿರುವ ಹರ್ನಿಯಾ ಚೀಲವನ್ನು ಬೇರ್ಪಡಿಸಿ ಕಟ್ಟುತ್ತಾರೆ; ಎಳೆಗೂಸುಗಳಲ್ಲಿ ಅದು ಒದ್ದೆ ಕಾಗದದಷ್ಟು ತೆಳು, ಕೈ ಬಿಗಿಯಾದರೆ ಹರಿಯುತ್ತದೆ. ನಂತರ ವೃಷಣಚೀಲದ ಚರ್ಮದಡಿ ಜೇಬಿನಂಥ ಜಾಗ ಮಾಡಿ ವೃಷಣವನ್ನು ಕೂರಿಸುತ್ತಾರೆ. ಬಹುಪಾಲು ಮಕ್ಕಳು ಅದೇ ದಿನ ಮನೆಗೆ ಹೋಗುತ್ತಾರೆ.

ಕೈಗೆ ಸಿಗದ ವೃಷಣವನ್ನು ಲ್ಯಾಪರೊಸ್ಕೋಪಿಯಿಂದ ಹುಡುಕಬೇಕು, ಸ್ಕ್ಯಾನಿಂಗ್ ನೆಚ್ಚುವಂತಿಲ್ಲ. ರಕ್ತನಾಳ ತೀರ ಗಿಡ್ಡವಿದ್ದರೆ ಫೌಲರ್-ಸ್ಟೀಫನ್ಸ್ ವಿಧಾನದಲ್ಲಿ, ಹಲವೊಮ್ಮೆ ಎರಡು ಹಂತಗಳಲ್ಲಿ, ಕೆಳಗಿಳಿಸುತ್ತಾರೆ. ವೃಷಣ ಕುಗ್ಗುವುದು, ಮತ್ತೆ ಮೇಲೇರುವುದು ಮುಖ್ಯ ತೊಡಕುಗಳು. ಚಳಿಗೋ ಮುಟ್ಟಿದಾಗಲೋ ಮೇಲೆ ಸರಿದು, ಮತ್ತೆ ಚೀಲಕ್ಕೆ ಮರಳುವ ವೃಷಣಕ್ಕೆ ಶಸ್ತ್ರಚಿಕಿತ್ಸೆ ಬೇಡ. ವರ್ಷಕ್ಕೊಮ್ಮೆ ತಪಾಸಣೆ ಸಾಕು.