ಬಿದ್ದ ಮರಗಳ ಸಾಕ್ಷ್ಯ

ಬೇಸಗೆಯ ಬಯಲಿನಲ್ಲಿ ಧೂಳನ್ನೂ ತರಗೆಲೆಯನ್ನೂ ಎತ್ತಿ ಸುತ್ತಿಸುವ ಗಾಳಿಯನ್ನು ನಮ್ಮ ಹಳ್ಳಿಗರು ಸುಂಟರಗಾಳಿ ಎನ್ನುತ್ತಾರೆ. ಗುಡುಗುಮೋಡದಿಂದ ನೆಲಕ್ಕಿಳಿದು ಮನೆಮಾರುಗಳನ್ನು ಕಿತ್ತೊಗೆಯುವ ಸುಂಟರಗಾಳಿ ಬೇರೆ. ಅದಕ್ಕೆ ಟಾರ್ನೇಡೊ ಎಂದು ಹೆಸರು. ಒಂದು ಊರಿನ ಮೇಲೆ ಅದು ಹಾದುಹೋಗುವುದು ಕೆಲವೇ ನಿಮಿಷಗಳಲ್ಲಿ. ಗಾಳಿಯ ವೇಗವನ್ನು ಅಳೆಯುವ ಯಂತ್ರ ಅದರ ದಾರಿಗೆ ಸಿಕ್ಕುವುದು ಅಪರೂಪ. ಸಿಕ್ಕರೂ ಉಳಿಯುವುದು ಇನ್ನೂ ಅಪರೂಪ. ಆದ್ದರಿಂದ ಅದು ಬಿಟ್ಟುಹೋದ ಹಾಳನ್ನು ನೋಡಿಯೇ ಅದರ ಬಲವನ್ನು ನಿರ್ಣಯಿಸಬೇಕಾಗುತ್ತದೆ. ಒಡೆದ ಶಾಸನವನ್ನು ಓದುವಂಥ ಕೆಲಸವಿದು.

ಈ ಓದಿನ ಚರಿತ್ರೆ ಒಂದು ವಾದದಿಂದ ಮೊದಲಾಗುತ್ತದೆ. 1835ರ ಜೂನ್ 19ರಂದು ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ನ್ಯೂ ಬ್ರನ್ಸ್‌ವಿಕ್ ಊರಿನ ಮೇಲೆ ಸುಂಟರಗಾಳಿ ಹಾದುಹೋಯಿತು. ಅದರ ಜಾಡನ್ನು ಪರೀಕ್ಷಿಸಿದ ವಿದ್ವಾಂಸರಲ್ಲಿ ಎಸ್ಪಿ ಎಂಬವರು, ಗಾಳಿ ಸುತ್ತಲಿಂದಲೂ ನಡುವಿಗೆ ನುಗ್ಗಿ ಮೇಲೇರಿತು ಎಂದರು. ರೆಡ್‌ಫೀಲ್ಡ್ ಎಂಬವರು, ಅಲ್ಲ, ಅದು ಸುತ್ತಿತು ಎಂದರು. ಇಬ್ಬರಿಗೂ ಸಾಕ್ಷಿ ಅವೇ ಬಿದ್ದ ಮರಗಳು! ಗಾಳಿ ಸುತ್ತುತ್ತಲೇ ಒಳಕ್ಕೆ ಸೆಳೆದು ಮೇಲೇರುತ್ತದೆಂದು ತಿಳಿದ ಮೇಲೆ ಇಬ್ಬರ ಮಾತಿನಲ್ಲಿಯೂ ಅರ್ಧರ್ಧ ಸತ್ಯವಿತ್ತೆಂಬುದು ಸ್ಪಷ್ಟವಾಯಿತು. ಮುಂದೆ 1879ರ ಮೇ ತಿಂಗಳಲ್ಲಿ ಕ್ಯಾನ್ಸಸ್ ಮೊದಲಾದ ಸಂಸ್ಥಾನಗಳಲ್ಲಿ ಸುಂಟರಗಾಳಿಗಳೆದ್ದಾಗ, ಅಮೆರಿಕದ ಸೈನ್ಯದ ಜಾನ್ ಫಿನ್ಲಿ ಅವುಗಳ ಜಾಡು ಹಿಡಿದು ಸಂಚರಿಸಿ, ನಷ್ಟದ ವಿವರಗಳನ್ನು ಕಲೆಹಾಕಿ ವರದಿ ಬರೆದರು.

ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ತಂದವರಲ್ಲಿ ಜಪಾನಿನ ತೆತ್ಸುಯ ಫುಜಿತ ಅಗ್ರಗಣ್ಯರು. 1945ರಲ್ಲಿ ಅಣುಬಾಂಬು ಬಿದ್ದ ನಾಗಸಾಕಿಯನ್ನು ಅವರು ಕಣ್ಣಾರೆ ಕಂಡಿದ್ದರು. ಸ್ಫೋಟದ ನೇರ ಕೆಳಗಿನ ಮರಗಳು ನಿಂತೇ ಇದ್ದವು. ದೂರದವು ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಒರಗಿದ್ದವು. 1953ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಹೋದ ಅವರು, 1974ರ ಏಪ್ರಿಲ್ 3–4ರಲ್ಲಿ 148 ಸುಂಟರಗಾಳಿಗಳು ಎದ್ದುಹೋದ ಬಳಿಕ ವಿಮಾನದಿಂದ ಅವುಗಳ ಜಾಡನ್ನು ನೋಡಿದಾಗ, ಕೆಲವೆಡೆ ಮರಗಳು ಅದೇ ನಕ್ಷತ್ರದ ಆಕಾರದಲ್ಲಿ ಬಿದ್ದಿದ್ದವು. ಅದು ಸುತ್ತುಗಾಳಿಯ ಕೆಲಸವಲ್ಲ, ಮೋಡದಿಂದ ಧುಮುಕಿ ನೆಲಕ್ಕೆ ಬಡಿದು ಹರಡಿದ ಗಾಳಿಯ ಕೆಲಸವೆಂದು ಅವರು ಗುರುತಿಸಿದರು. ಜೋಳದ ಹೊಲಗಳಲ್ಲಿ ಬಳೆಬಳೆಯಾಗಿ ಮೂಡಿದ್ದ ಗುರುತುಗಳನ್ನು ಕೂಡ ಅವರು ಬಿಡಲಿಲ್ಲ. ಭಾರದ ವಸ್ತು ನೆಲವನ್ನು ಗೀಚಿದ ಗಾಯವೆಂದು ಹಿಂದೆ ತಿಳಿದಿದ್ದರು; ಅದು ಒಳಗಿನ ಕಿರುಸುಳಿಗಳು ಗುಡಿಸಿ ಬಿಟ್ಟ ಕೂಳೆಯ ಸಾಲೆಂದು ಫುಜಿತ ತೋರಿಸಿದರು.

1971ರಲ್ಲಿ ಅವರು ಸೊನ್ನೆಯಿಂದ ಐದರವರೆಗೆ ನಷ್ಟದ ಮಾನವನ್ನು ರಚಿಸಿದರು. 2007ರಲ್ಲಿ ಅಮೆರಿಕದಲ್ಲಿ ಅದನ್ನು ತಿದ್ದಿ, ಮನೆ, ಶಾಲೆ, ಕೊಟ್ಟಿಗೆ, ಮರ ಮುಂತಾದ 28 ಬಗೆಯ ಗುರುತುಗಳನ್ನು ಗೊತ್ತುಪಡಿಸಿದರು.

ಆದರೆ ಹಳ್ಳಿಗಾಡಿನಲ್ಲಿ ಈ ಮಾನಕ್ಕೆ ತೊಡಕಿದೆ. ಬಯಲಿನಲ್ಲಿ ಮುರಿಯಲು ಏನೂ ಇಲ್ಲದಿದ್ದರೆ ಗಾಳಿಯ ಬಲ ತಿಳಿಯುವುದೆಂತು? 2013ರ ಮೇ 31ರಂದು ಓಕ್ಲಹೋಮದ ಎಲ್ ರೆನೊ ಬಳಿ ಎದ್ದ ಸುಂಟರಗಾಳಿ ಸುಮಾರು 4.2 ಕಿಲೋಮೀಟರ್ ಅಗಲವಿತ್ತು. ರಾಡಾರು ಐದನೆಯ ದರ್ಜೆಯ ವೇಗವನ್ನು ಕಂಡಿತ್ತು. ಆದರೂ ಹಾಳಿನ ಆಧಾರದಿಂದ ದೊರೆತದ್ದು ಮೂರನೆಯ ದರ್ಜೆ. 2025ರ ಜೂನ್ 20ರಂದು ಉತ್ತರ ಡಕೋಟದ ಎಂಡರ್ಲಿನ್ ಬಳಿ ಬೀಸಿದ್ದಕ್ಕೆ ಐದನೆಯ ದರ್ಜೆ ಸಿಕ್ಕಿದ್ದು, ಉರುಳಿದ ರೈಲುಬಂಡಿಗಳ ತೂಕದ ಲೆಕ್ಕದಿಂದ.

ಬಡವರ ಊರುಗಳಲ್ಲಿ ತೊಡಕು ಇನ್ನೂ ಹೆಚ್ಚು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಪ್ರದೇಶದಲ್ಲಿ ಸುಮಾರು 1300 ಮಂದಿ ಸುಂಟರಗಾಳಿಗೆ ಬಲಿಯಾದರು. ಬಿದಿರಿನ ಗೋಡೆ, ತಗಡಿನ ಮಾಡು ಸಾಧಾರಣ ಬಿರುಗಾಳಿಗೂ ಬೀಳುತ್ತವೆ, ಮಹಾ ಸುಂಟರಗಾಳಿಗೂ ಬೀಳುತ್ತವೆ. ಬಿದ್ದ ಗುಡಿಸಲು ಗಾಳಿಯ ವೇಗವನ್ನು ಹೇಳಲಾರದು. ಮೇಲಾಗಿ ಬಿದ್ದ ಮರವನ್ನು ರೈತ ಸೌದೆಗೆ ಕಡಿಯಬೇಕು, ತಗಡನ್ನು ಆಯ್ದು ಮತ್ತೆ ಹೊದಿಸಬೇಕು, ಹೊಲವನ್ನು ಉಳಬೇಕು. ಪರೀಕ್ಷಕ ಬರುವವರೆಗೆ ಕಾಯೆಂದು ಅವನಿಗೆ ಹೇಳುವುದು ನ್ಯಾಯವಲ್ಲ. ಪರೀಕ್ಷಕನೇ ಬೇಗ ಹೋಗಬೇಕು; ಮರ ಯಾವ ದಿಕ್ಕಿಗೆ ಬಿತ್ತು, ಕಂಬ ಎಲ್ಲಿ ಮುರಿಯಿತು ಎಂಬುದರ ಜೊತೆಗೆ, ಆ ಮನೆಯಲ್ಲಿ ಎಷ್ಟು ಜನರಿದ್ದರು, ಅವರು ಎಲ್ಲಿ ಅಡಗಿದ್ದರು ಎಂಬುದನ್ನೂ ಬರೆದುಕೊಳ್ಳಬೇಕು. ಮುಂದೆ ಕಟ್ಟುವ ಮನೆ ಹೇಗಿರಬೇಕೆಂಬುದು ಆ ಬರಹದಿಂದಲೇ ತಿಳಿಯಬೇಕಾಗಿದೆ.