ಚಳಿಗಾಲದ ನೀರು: ಈಜು ಮತ್ತು ಸ್ನಾನಗಳ ಚರಿತ್ರೆಯನ್ನು ಕುರಿತು ಒಂದು ವಿಚಾರ

ಮಂಜುಗಟ್ಟುವಷ್ಟು ತಣ್ಣನೆಯ ಸರೋವರಗಳಲ್ಲಿ ಈಜುವುದು ಶೀತದೇಶಗಳಲ್ಲಿ ಇಂದು ನಿಯಮಬದ್ಧವಾದ ಕ್ರೀಡೆಯಾಗಿದೆ. ಲಂಡನ್ನಿನ ಸರ್ಪೆಂಟೈನ್ ಈಜು ಸಂಘವು ೧೮೬೪ರಲ್ಲಿಯೇ ಹುಟ್ಟಿತು. ಹೈಡ್ ಪಾರ್ಕಿನ ಸರೋವರದಲ್ಲಿ ಅದು ಕ್ರಿಸ್‌ಮಸ್ ದಿನದ ಬೆಳಗ್ಗೆ ನಡೆಸುವ ಸ್ಪರ್ಧೆ ಪ್ರಸಿದ್ಧವಾದುದು. ೨೦೦೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಹಿಮ ಈಜು ಸಂಸ್ಥೆಯು ೫ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಈಜಿದುದನ್ನು ಮಾತ್ರ ಹಿಮ ಈಜೆಂದು ಪರಿಗಣಿಸುತ್ತದೆ. ಇದಕ್ಕೆ ಸಮಾನವಾದುದೇನಾದರೂ ಮದ್ದೂರಿನ ಸೀಮೆಯಲ್ಲಿ ಉಂಟೆ ಎಂದು ಕೇಳಿದರೆ ಇಲ್ಲವೆನ್ನುವುದು ಸುಲಭ. ಆದರೆ ಆ ಉತ್ತರ ಪೂರ್ಣವಾದುದಲ್ಲ.

ಮದ್ದೂರು ಶಿಂಷಾನದಿಯ ದಡದ ಊರು. ಇಲ್ಲಿಯ ಕೆರೆಗಳು ಎಂದೂ ಹೆಪ್ಪುಗಟ್ಟವು. ಇಲ್ಲಿ ಈಜೆಂಬುದು ಬಾವಿ, ಕೆರೆ, ಹೊಳೆಗಳಲ್ಲಿ, ಕೃಷ್ಣರಾಜಸಾಗರದ ನೀರು ಬಂದ ಮೇಲೆ ನಾಲೆಗಳಲ್ಲಿಯೂ ಕಲಿಯತಕ್ಕ ವಿದ್ಯೆ. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಹುಡುಗನ ಬೆನ್ನಿಗೆ ಕಟ್ಟಿ ಹಿರಿಯರು ನೀರಿಗೆ ಇಳಿಸುತ್ತಿದ್ದರು. ಅದಕ್ಕೆ ಒದಗಿದ ಕಾಲ ಬೇಸಗೆ. ಅರಮನೆಯ ಮತ್ತು ಕಾವ್ಯದ ಮಾತೂ ಇದೇ. ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಲಕ್ರೀಡೆಗೆ ಸ್ಥಾನವುಂಟು, ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಜಲಕೇಳಿಯೂ ಒಂದು. ಬಿಸಿಲಿನ ಬೇಗೆಯನ್ನು ಕಳೆಯುವುದೇ ಇಂಥ ಕೇಳಿಯ ಸಹಜವಾದ ಸಂದರ್ಭ.

ಹಾಗಾದರೆ ಚಳಿಗಾಲದ ನೀರಿಗೆ ಇಳಿದವರು ಯಾರು? ಆಟಗಾರರಲ್ಲ, ವ್ರತಿಗಳು. ತುಲಾಮಾಸದಲ್ಲಿ ಕಾವೇರೀಸ್ನಾನ, ಧನುರ್ಮಾಸದಲ್ಲಿ ಉಷಃಕಾಲದ ಸ್ನಾನ, ಮಾಘದಲ್ಲಿ ಮಾಘಸ್ನಾನ, ಹೀಗೆ ಚಳಿ ಏರಿ ಇಳಿಯುವ ಕಾಲವನ್ನೆಲ್ಲ ಈ ವ್ರತಗಳು ಆವರಿಸಿವೆ. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಗಳೊಡನೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬುದು ನಂಬಿಕೆ. ಅಲ್ಲಿ ೧೯೮೯ರಲ್ಲಿ ಆರಂಭವಾದ ಕುಂಭಮೇಳವು ೨೦೨೫ರ ಫೆಬ್ರವರಿಯಲ್ಲಿಯೂ ನಡೆಯಿತು. ಸ್ಫಟಿಕದ ಹೆಸರಿನ ಸರೋವರವೊಂದನ್ನು ಮಾಘದ ಚಳಿಯಲ್ಲಿ ಹೊಗುವುದು ನಮ್ಮಲ್ಲಿ ಕ್ರೀಡೆಯಾಗಿಯಲ್ಲ, ಪುಣ್ಯಕಾರ್ಯವಾಗಿ ಉಳಿದಿದೆ.

ಈ ಸ್ನಾನದ ಕ್ರಮ ಗಮನಾರ್ಹವಾದುದು. ಮೆಟ್ಟಿಲಿನಿಂದ ಮೆಲ್ಲನೆ ಇಳಿಯಬೇಕು. ಎಣಿಸಿದಷ್ಟು ಮುಳುಗು ಹಾಕಬೇಕು. ಮೇಲೆ ಬಂದು ಒಣಬಟ್ಟೆ ಉಡಬೇಕು. ತಣ್ಣೀರಿಗೆ ಥಟ್ಟನೆ ಬಿದ್ದವನಿಗೆ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಕ್ಕದು. ಮುಖ ನೀರಿನಲ್ಲಿದ್ದರೆ ಆಗಲೇ ಪ್ರಾಣಾಪಾಯ. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಶರೀರಶಾಸ್ತ್ರವು ಇಂದು ಹೇಳುವ ಎಚ್ಚರಿಕೆಗೆ ವ್ರತದ ನಿಯಮ ಅನುಗುಣವಾಗಿಯೇ ಇದೆ. ನಿಯಮವನ್ನು ರೂಪಿಸಿದವರು ಈ ಕಾರಣವನ್ನು ಅರಿತಿದ್ದರೆಂದು ಇದರಿಂದ ಸಾಧಿಸಲಾಗದು. ಆದರೆ ನಡೆದುಬಂದ ಆಚಾರದಲ್ಲಿ ಅನುಭವದ ಪಾಲು ಇರುವುದು ಅಸಂಭವವಲ್ಲ.

ಚಳಿಗಾಲದ ಸರೋವರದಲ್ಲಿ ಮುಳುಗಿ ಏಳದೆ ಅಲ್ಲಿಯೇ ನಿಂತವನು ನಮ್ಮ ಸಾಹಿತ್ಯದಲ್ಲಿ ಒಬ್ಬನುಂಟು, ದುರ್ಯೋಧನ. ಭಾರತಯುದ್ಧ ಮಾರ್ಗಶಿರದಲ್ಲಿ ನಡೆಯಿತೆಂಬ ಸಂಪ್ರದಾಯವನ್ನು ಒಪ್ಪಿದರೆ ಅವನು ಕೊಳವನ್ನು ಹೊಕ್ಕದ್ದು ಚಳಿಯ ದಿನಗಳಲ್ಲಿಯೇ. ವ್ಯಾಸಭಾರತದಲ್ಲಿ ಅವನು ಮಾಯೆಯಿಂದ ನೀರನ್ನೇ ಸ್ತಂಭನಗೊಳಿಸುತ್ತಾನೆ. ೧೦ನೆಯ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿಯಾದರೋ ಭೀಮನ ಮೂದಲೆಗೆ ಅವನು ವೈಶಂಪಾಯನ ಸರೋವರದ ನೀರಿನೊಳಗಿದ್ದೂ ಬೆವರುತ್ತಾನೆ. ನೀರಿನ ತಂಪನ್ನು ಗೆದ್ದದ್ದು ಅಲ್ಲಿ ದೇಹಬಲವಲ್ಲ, ಛಲ.

ಆದುದರಿಂದ ಶೀತದೇಶದವರು ಒಂದುಗೂಡಿಸಿದ ಎರಡು ಸಂಗತಿಗಳು ಈ ಸೀಮೆಯಲ್ಲಿ ಬೇರೆಬೇರೆಯಾಗಿ ಬೆಳೆದುವೆಂದು ಹೇಳಬಹುದು: ಈಜು ಬೇಸಗೆಯ ವಿದ್ಯೆಯಾಯಿತು, ಚಳಿನೀರು ವ್ರತದ ಪಾಲಾಯಿತು. ಕ್ರೀಡೆಯ ಚರಿತ್ರೆಯನ್ನು ಪಂದ್ಯಗಳ ದಾಖಲೆಗಳಲ್ಲಿ ಮಾತ್ರ ಹುಡುಕುವವರಿಗೆ ಇದು ಕಾಣದು. ಇಂದು ಬಾವಿಗಳು ಬತ್ತಿ, ಬುರುಡೆ ಕಟ್ಟಿ ಕಲಿಸುವ ಹಿರಿಯರೂ ವಿರಳವಾಗುತ್ತಿರುವಾಗ, ನಾಲೆಯ ನೀರು ಮಾತ್ರ ಮನೆಯ ಮುಂದೆಯೇ ಹರಿಯುತ್ತಿದೆ. ಈಜು ಬಾರದ ಮಗುವಿಗೆ ಆ ನೀರು ಯಾವ ಋತುವಿನಲ್ಲಿಯೂ ಅಪಾಯವೇ. ವಿದ್ಯೆಯೂ ನಿಯಮವೂ ಏಕಕಾಲದಲ್ಲಿ ಮರೆಯಾಗದಂತೆ ಎರಡನ್ನೂ ಊರೂರಿನ ಹಿರಿಯರಿಂದ ಕೇಳಿ ಬರೆದಿಡುವುದು ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಕೈಕೊಳ್ಳತಕ್ಕ ಕೆಲಸವಾಗಿದೆ.