ಸಂತ ಫಿಲೋಮಿನಾ ಚರ್ಚ್, ಮೈಸೂರು

ಸಂತ ಫಿಲೋಮಿನಾ ಚರ್ಚ್ ಮೈಸೂರಿನ ಅಶೋಕ ರಸ್ತೆಯಲ್ಲಿರುವ ಕ್ಯಾಥೊಲಿಕ್ ಪ್ರಧಾನಾಲಯ. ಸಂತ ಜೋಸೆಫರ ಹೆಸರೂ ಇದಕ್ಕೆ ಸೇರಿದೆ. ಇದು ಮೈಸೂರು ಧರ್ಮಪ್ರಾಂತ್ಯದ ಕೇಂದ್ರವಾಗಿದ್ದು, ಬೆಳಗೊಳವನ್ನೊಳಗೊಂಡ ಶ್ರೀರಂಗಪಟ್ಟಣ ತಾಲ್ಲೂಕು ಅದೇ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿದೆ.

ಇತಿಹಾಸ

ಇದೇ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಚಿಕ್ಕ ಚರ್ಚೊಂದು ನಿರ್ಮಾಣವಾಗಿತ್ತು. ಅದರ ಶಾಸನ ಈಗಲೂ ಉಳಿದಿದೆ. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿ ಟಿ. ತಂಬುಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ಪಡೆದರು. ಅವಶೇಷವನ್ನು ಸ್ವೀಕರಿಸಿದ ಫಾದರ್ ಕೊಶೆ ಅವರು ಹೊಸ ಚರ್ಚಿಗಾಗಿ ಅರಮನೆಯ ನೆರವು ಕೋರಿದರು. 28 ಅಕ್ಟೋಬರ್ 1933ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಕಟ್ಟಡವನ್ನು ಸಾಮಾನ್ಯವಾಗಿ 1936ಕ್ಕೆ ಸೇರಿಸಲಾಗುತ್ತದೆ. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಮೈಸೂರಿನ ಧರ್ಮಾಧ್ಯಕ್ಷರಾಗಿ ರೆನೆ ಫ್ಯೂಗಾ ಬಂದರು.

ವಾಸ್ತುಶೈಲಿ

ಫ್ರಾನ್ಸಿನ ಡೇಲಿ ಎಂಬವರು ನವಗಾಥಿಕ್ ಶೈಲಿಯಲ್ಲಿ ಇದರ ವಿನ್ಯಾಸ ರಚಿಸಿದರು. ತಳವಿನ್ಯಾಸ ಶಿಲುಬೆಯಾಕಾರದಲ್ಲಿದೆ. ಉದ್ದನೆಯ ಸಭಾಂಗಣದಲ್ಲಿ ಸುಮಾರು 800 ಜನ ಕುಳಿತುಕೊಳ್ಳಬಹುದು. ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಗೇರಿಸಿದ್ದು, ಪುನರುತ್ಥಾನ ಮತ್ತು ಸ್ವರ್ಗಾರೋಹಣದ ಚಿತ್ರಗಳಿವೆ. ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಫಿಲೋಮಿನಾಳ ಪ್ರತಿಮೆಯೂ ಅವಶೇಷವೂ ಇವೆ. ಎದುರಿನ ಜೋಡಿ ಗೋಪುರಗಳ ಎತ್ತರ 175 ಅಡಿ. ಇವನ್ನು ಜರ್ಮನಿಯ ಕಲೋನ್ ಪ್ರಧಾನಾಲಯದ ಗೋಪುರಗಳಿಗೆ ಹೋಲಿಸುವುದು ರೂಢಿ. ಹೋಲಿಕೆ ಆಕಾರಕ್ಕಷ್ಟೇ ಸಲ್ಲುತ್ತದೆ, ಎತ್ತರದಲ್ಲಿ ಇವು ಕಲೋನಿನ ಗೋಪುರಗಳ ಮೂರನೇ ಒಂದರಷ್ಟಿವೆ.

ಹೆಸರಿನ ಪ್ರಶ್ನೆ

ಫಿಲೋಮಿನಾಳ ಬಗ್ಗೆ ಸಮಕಾಲೀನ ದಾಖಲೆಗಳಿಲ್ಲ. 1802ರಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸಮಾಧಿಗಳಲ್ಲಿ ದೊರೆತ ಮೂಳೆಗಳು ಹಾಗೂ ಗೋರಿಯನ್ನು ಮುಚ್ಚಿದ್ದ ಮೂರು ಹಂಚುಗಳ ಮೇಲಿನ ಬರಹವೇ ಆಕೆಯ ಕುರಿತ ನಂಬಿಕೆಗೆ ಮೂಲ. ಹಂಚುಗಳ ಕ್ರಮವನ್ನು ಬದಲಿಸಿ ಓದಿದಾಗಲೇ ಆ ಹೆಸರು ಹೊರಡುತ್ತದೆ. ಹೀಗಾಗಿ ಮೂಳೆಗಳು ಆಕೆಯವೇ ಎಂಬ ಬಗ್ಗೆ ವಿದ್ವಾಂಸರು ಸಂದೇಹ ವ್ಯಕ್ತಪಡಿಸಿದರು. 1961ರಲ್ಲಿ ವ್ಯಾಟಿಕನ್ ಆಕೆಯ ಹೆಸರನ್ನು ಪೂಜಾ ಪಂಚಾಂಗಗಳಿಂದ ಕೈಬಿಡುವಂತೆ ಸೂಚಿಸಿತು. ಆದರೆ ವೈಯಕ್ತಿಕ ಭಕ್ತಿಯನ್ನು ಅದು ನಿಷೇಧಿಸಲಿಲ್ಲ. ಅವಶೇಷದ ಕಾರಣದಿಂದಲೇ ಕಟ್ಟಲಾದ ಮೈಸೂರಿನ ಈ ಚರ್ಚನ್ನು ಜನರು ಈಗಲೂ ಫಿಲೋಮಿನಾ ಚರ್ಚ್ ಎಂದೇ ಕರೆಯುತ್ತಾರೆ.